ಅನ್ನ ಬಿಟ್ಟೆ, ಮುದ್ದೆ ಹಿಡಿದೆ, ತೂಕ ಮಾತ್ರ ಇಳಿಯಲಿಲ್ಲ

ತುಮಕೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ರಾಗಿ ತಿಂದು ತೂಕ ಇಳಿಸಿ ಅಂತ ನೀವೇ ಹಾಕಿದ್ದಿರಿ. ಎಂಟು ತಿಂಗಳಿಂದ ಅನ್ನ ಮುಟ್ಟಿಲ್ಲ. ಮಧ್ಯಾಹ್ನ ಎರಡು ಮುದ್ದೆ, ರಾತ್ರಿ ಒಂದು. ಒಂದು ಕೆ.ಜಿ.ಯೂ ಇಳಿದಿಲ್ಲ. ನಮ್ಮದು ನಾಲ್ಕು ಜನದ ಮನೆ, ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ. ದಿನಕ್ಕೆ ನಾಲ್ಕು ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಪಕ್ಕದ ಮನೆಯವರು ರಾತ್ರಿ ಊಟ ಬಿಟ್ಟು ಆರು ಕೆ.ಜಿ. ಇಳಿದಿದ್ದಾರೆ. ನಾನೂ ಬಿಡಲಾ? ಹದಿಮೂರು ವರ್ಷದ ಮಗಳೂ ದಪ್ಪ ಆಗ್ತಿದ್ದಾಳೆ. ಅವಳಿಗೂ ಅನ್ನ ನಿಲ್ಲಿಸಲಾ?"

ಸಂಪಾದಕರ ಉತ್ತರ:

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ರಾಗಿ ಒಳ್ಳೆಯದು ಅಂತಷ್ಟೇ ಲೇಖಕರು ಬರೆದಿದ್ದರು. ತಲೆಬರಹಕ್ಕೆ 'ತೂಕ' ಸೇರಿಸಿದವನು ನಾನು.

ರಾಗಿಯಲ್ಲಿ ನಾರು ಜಾಸ್ತಿ, ಸುಣ್ಣದಂಶವಂತೂ ಅಕ್ಕಿಗಿಂತ ಎಷ್ಟೋ ಪಾಲು ಹೆಚ್ಚು. ಆದರೆ 100 ಗ್ರಾಂ ಅಕ್ಕಿಯಲ್ಲಿ ಸುಮಾರು 355 ಕ್ಯಾಲೊರಿ ಇದ್ದರೆ, ಅಷ್ಟೇ ರಾಗಿಯಲ್ಲಿ ಸುಮಾರು 320. ವ್ಯತ್ಯಾಸ ಇಷ್ಟೇ.

ಈಗ ನೀವೇ ಕೊಟ್ಟ ಲೆಕ್ಕ ಕೂಡಿಸೋಣ. ಮುದ್ದೆಗೆ 100 ಗ್ರಾಂ ಹಿಟ್ಟು ಅಂದುಕೊಂಡರೆ ಮೂರು ಮುದ್ದೆಗೆ 960. ಒಂದು ಲೀಟರ್ ಎಣ್ಣೆಯಲ್ಲಿ ಸುಮಾರು 8,200 ಕ್ಯಾಲೊರಿ. ಅದು ತಿಂಗಳಲ್ಲಿ ನಿಮ್ಮೊಬ್ಬರ ಪಾಲು, ಅಂದರೆ ದಿನಕ್ಕೆ 270 ಚಿಲ್ಲರೆ. ಕಾಫಿಯ ಸಕ್ಕರೆ 160. ಅಲ್ಲಿಗೇ 1,390 ಆಯಿತು. ಬೆಳಗಿನ ತಿಂಡಿ, ಸಾರಿನ ಬೇಳೆ, ಕಾಫಿಯ ಹಾಲು ಇನ್ನೂ ಎಲೆಗೇ ಬಂದಿಲ್ಲ! ಹೆಚ್ಚು ಮೈಬಗ್ಗಿಸದ, 55 ಕೆ.ಜಿ. ತೂಕದ ಹೆಂಗಸಿಗೆ ದಿನಕ್ಕೆ 1,660 ಸಾಕು ಅನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ.

ಹಾಗಂತ ಮುದ್ದೆ ಬಿಡಬೇಡಿ. ಮಧ್ಯಾಹ್ನ ಒಂದು, ರಾತ್ರಿ ಅರ್ಧ ಮಾಡಿ. ಖಾಲಿಯಾದ ಜಾಗಕ್ಕೆ ಬಸ್ಸಾರು ಬರಲಿ. ಹುರುಳಿಯನ್ನೋ ಅಲಸಂದೆಯನ್ನೋ ಸೊಪ್ಪಿನ ಜೊತೆ ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ ಮಾಡ್ತೀವಲ್ಲ, ಅದೇ. ಪಲ್ಯವನ್ನು ಉಪ್ಪಿನಕಾಯಿ ಹಾಗೆ ಮೂಲೆಗೆ ಬಡಿಸಿಕೊಳ್ಳದೆ ಎರಡು ಸೌಟು ಹಾಕಿಕೊಳ್ಳಿ. ಕಾಳು, ಸೊಪ್ಪು ಹೊಟ್ಟೆಯಲ್ಲಿ ನಿಲ್ಲುತ್ತವೆ, ನಾಲ್ಕು ಗಂಟೆಗೆ ಚಕ್ಕುಲಿ ಡಬ್ಬಿ ಕರೆಯುವುದಿಲ್ಲ. ಒಗ್ಗರಣೆಗೆ ಮಾತ್ರ ಎಣ್ಣೆಯನ್ನು ಡಬ್ಬದಿಂದ ಬಗ್ಗಿಸಬೇಡಿ, ಚಮಚದಲ್ಲಿ ಅಳೆದು ಹಾಕಿ.

ಪಕ್ಕದ ಮನೆಯವರ ದಾರಿ ಅವರಿಗೆ ಹೊಂದಿರಬಹುದು. ಆದರೆ ಎಲ್ಲರಿಗೂ ಒಂದೇ ದಾರಿ ಅಂತಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಒಂದು ವರ್ಷ ನೋಡಿ 2018ರಲ್ಲಿ ವರದಿ ಕೊಟ್ಟರು. ಜಿಡ್ಡು ಕಡಿಮೆ ಮಾಡಿದವರು ಸರಾಸರಿ 5.3 ಕೆ.ಜಿ., ಪಿಷ್ಟ ಕಡಿಮೆ ಮಾಡಿದವರು 6 ಕೆ.ಜಿ. ಇಳಿದಿದ್ದರು. ಅಂಥಾ ಅಂತರವೇನಲ್ಲ. ವರ್ಷಗಟ್ಟಲೆ ನಡೆಸಿಕೊಂಡು ಹೋಗಬಲ್ಲ ಊಟ ಯಾವುದು ಅನ್ನುವುದೇ ಮುಖ್ಯ. ತೂಕ ಇಳಿದ ಮೇಲೆ ಹಸಿವು ಹೆಚ್ಚುತ್ತದೆ, ಮೈ ಖರ್ಚು ಮಾಡುವುದು ಕಡಿಮೆಯಾಗುತ್ತದೆ. ಉಪವಾಸ ನಿಲ್ಲಿಸಿದ ಕೂಡಲೇ ತೂಕ ವಾಪಸ್ ಬರುವುದು ಇದಕ್ಕೇ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ರಾತ್ರಿ ಊಟ ಬಿಡಲೇಬೇಡಿ. ಥೈರಾಯ್ಡ್ ಒಮ್ಮೆ ನೋಡಿಸಿಕೊಳ್ಳಿ.

ಮಗಳ ವಿಷಯ. ದಯವಿಟ್ಟು ಅನ್ನ ನಿಲ್ಲಿಸಬೇಡಿ, ಬೆಳೆಯುವ ಹುಡುಗಿ. ಅವಳೊಬ್ಬಳಿಗೆ ಬೇರೆ ತಟ್ಟೆಯೂ ಬೇಡ. ಬೇಕರಿ ಪೊಟ್ಟಣ, ಬಾಟಲಿ ಜ್ಯೂಸ್ ಮನೆಗೇ ತರದಿದ್ದರೆ ಅರ್ಧ ಕೆಲಸ ಆಯಿತು. ಬಂದ ತೂಕ ಇಳಿಸುವುದಕ್ಕಿಂತ ಬರದ ಹಾಗೆ ನೋಡಿಕೊಳ್ಳುವುದು ಸುಲಭ, ಆ ಅವಕಾಶ ಅವಳಿಗೆ ಇನ್ನೂ ಇದೆ. ನೆಂಟರ ಮುಂದೆ "ಡುಮ್ಮಿ" ಅನ್ನುವವರನ್ನು ಮಾತ್ರ ಅಲ್ಲೇ ತಡೆಯಿರಿ.

ತಕ್ಕಡಿಯನ್ನು ದಿನಾ ಹತ್ತಬೇಡಿ. ದರ್ಜಿ ಟೇಪು ತಂದು ತಿಂಗಳಿಗೊಮ್ಮೆ ಸೊಂಟ ಅಳೆಯಿರಿ. ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ. ಒಳಗಿದ್ದರೆ ಒಳ್ಳೆಯದು. ಮುಂದಿನ ತಿಂಗಳ ದಿನಸಿ ಚೀಟಿಯಲ್ಲಿ ಎಣ್ಣೆ ಮೂರು ಲೀಟರ್ ಅಂತ ಬರೆಯಿರಿ. ಆರು ತಿಂಗಳ ಮೇಲೆ ಇನ್ನೊಂದು ಪತ್ರ ಹಾಕಿ, ಬೈಗುಳ ಇದ್ದರೂ ಅಚ್ಚು ಮಾಡುತ್ತೇನೆ.