ಮರಿ ಹಂಚಿದಷ್ಟೂ ಮುಗಿಯುವುದಿಲ್ಲವೇಕೆ?

ಪ್ರಶ್ನೆ: ನಮ್ಮ ಬಡಾವಣೆಯ ಬಹಳಷ್ಟು ಮನೆಗಳಲ್ಲಿ ನಾಯಿ, ಬೆಕ್ಕುಗಳಿವೆ. ಕಳೆದ ವರ್ಷ ಅಕ್ಕಪಕ್ಕದವರು ಸೇರಿ 11 ಬೆಕ್ಕಿನ ಮರಿಗಳಿಗೆ ಮನೆ ಹುಡುಕಿಕೊಟ್ಟೆವು. ಆದರೂ ಎರಡು ಮೂರು ತಿಂಗಳಿಗೊಮ್ಮೆ ಯಾರೋ ಕಣ್ಣು ಬಿಡದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಗೇಟಿನ ಬಳಿ ಬಿಟ್ಟು ಹೋಗುತ್ತಾರೆ. ಬೆಕ್ಕುಗಳನ್ನೆಲ್ಲ ಹಿಡಿಸಿ ದೂರ ಬಿಡಿಸೋಣ ಎನ್ನುವವರೂ ಇದ್ದಾರೆ. ಏನು ಮಾಡುವುದು?

ಉತ್ತರ: ಮೊದಲು ಆ 11 ಮರಿಗಳ ವಿಚಾರವನ್ನೇ ಕೇಳುತ್ತೇನೆ. ಅವುಗಳಲ್ಲಿ ಹೆಣ್ಣೆಷ್ಟು, ಆ ಹೆಣ್ಣುಗಳಲ್ಲಿ ಎಷ್ಟಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂಬುದನ್ನು ದಯವಿಟ್ಟು ವಿಚಾರಿಸಿ. ಹೆಣ್ಣು ಬೆಕ್ಕು ನಾಲ್ಕರಿಂದ ಆರು ತಿಂಗಳ ವಯಸ್ಸಿಗೇ ಬೆದೆಗೆ ಬರಬಲ್ಲದು, ಗರ್ಭದ ಅವಧಿ ಸುಮಾರು 9 ವಾರ, ಒಂದು ಸೂಲಿಗೆ ಸಾಮಾನ್ಯವಾಗಿ ಮೂರರಿಂದ ಐದು ಮರಿ. ಹೀಗಾಗಿ ನೀವು ಅಷ್ಟು ಅಕ್ಕರೆಯಿಂದ ಹಂಚಿದ ಮರಿಗಳೇ ಇಂದು ತಾಯಂದಿರಾಗಿ, ಅವುಗಳ ಮರಿಗಳೇ ಪೆಟ್ಟಿಗೆಯಲ್ಲಿ ನಿಮ್ಮ ಗೇಟಿಗೆ ಮರಳುತ್ತಿರಬಹುದು.

ಮರಿಗಳು ಹಾಲು ಕುಡಿಯುತ್ತಿರುವಾಗ ತಾಯಿ ಮತ್ತೆ ಗರ್ಭ ಧರಿಸುವುದಿಲ್ಲ ಎಂಬ ನಂಬಿಕೆ ಬಹಳ ಮನೆಗಳಲ್ಲಿದೆ. ಎಂಟು ವಾರದ ನಾಲ್ಕು ಮರಿಗಳೊಡನೆ ಒಬ್ಬರು ತಾಯಿ ಬೆಕ್ಕನ್ನು ನನ್ನ ಬಳಿ ತಂದಿದ್ದರು. ಮರಿಗಳು ಇನ್ನೂ ಮೊಲೆ ಬಿಟ್ಟಿರಲಿಲ್ಲ. ತಾಯಿಯ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದರೆ, ದಾರಕ್ಕೆ ಪೋಣಿಸಿದ ಮಣಿಗಳಂತೆ ಮುಂದಿನ ಸೂಲಿನ ಗಂಟುಗಳು ಬೆರಳಿಗೆ ತಾಗುತ್ತಿದ್ದವು. ಆದ್ದರಿಂದ ಹಾಲೂಡುವ ಬೆಕ್ಕನ್ನು ಹೊರಗೆ ಬಿಡದೆ, ಮರಿಗಳು ಮೊಲೆ ಬಿಟ್ಟ ಕೂಡಲೇ ಶಸ್ತ್ರಚಿಕಿತ್ಸೆ ಮಾಡಿಸಬೇಕು.

ದೂರ ಬಿಡಿಸುವ ಸಲಹೆಯನ್ನು ನಾನು ಒಪ್ಪಲಾರೆ. ಗುರುತಿಲ್ಲದ ಜಾಗದಲ್ಲಿ ಬಿಟ್ಟ ಬೆಕ್ಕು ಹಸಿವಿನಿಂದಲೋ ಕಾದಾಟದಲ್ಲೋ ನರಳುತ್ತದೆ. ಇತ್ತ ಮುಚ್ಚಳವಿಲ್ಲದ ಕಸದ ಡಬ್ಬಿಗಳು ಇದ್ದಲ್ಲೇ ಇರುವುದರಿಂದ ತೆರವಾದ ಜಾಗಕ್ಕೆ ಬೇರೆ ಬೆಕ್ಕುಗಳು ಬಂದು ನೆಲೆಸುತ್ತವೆ. ಅದರ ಬದಲು ಒಂದು ನೋಟ್‌ಬುಕ್ ಹಿಡಿದು ಮನೆಮನೆಗೆ ಹೋಗಿ, ಸಾಕಿದ ಮತ್ತು ಸಾಕುವವರಿಲ್ಲದ ಹೆಣ್ಣುಗಳೆಷ್ಟು, ಯಾವುದಕ್ಕೆ ಶಸ್ತ್ರಚಿಕಿತ್ಸೆಯಾಗಿದೆ, ಯಾವುದು ಹಾಲೂಡುತ್ತಿದೆ ಎಂದು ಬರೆದುಕೊಳ್ಳಿ. ಆಮೇಲೆ ಊರಿಗೆಲ್ಲ ಹರಡಿಕೊಳ್ಳದೆ ಒಂದು ಬೀದಿಯನ್ನು ಆರಿಸಿ, ಅಲ್ಲಿನ ಹೆಣ್ಣುಗಳಿಗೆಲ್ಲ ಕೆಲವೇ ವಾರಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿ ಮುಂದಿನ ಬೀದಿಗೆ ಹೋಗಿ. ಹತ್ತು ಹೆಣ್ಣುಗಳಲ್ಲಿ ಐದನ್ನು ಈ ವರ್ಷಕ್ಕೆ, ಐದನ್ನು ಬರುವ ವರ್ಷಕ್ಕೆ ಎಂದು ಹಂಚಿಕೊಂಡರೆ ಉಳಿದ ಐದೇ ಬೀದಿಯನ್ನು ಮತ್ತೆ ತುಂಬಿಸಬಲ್ಲವು. ಹಣವೋ ಸಮಯವೋ ಕಡಿಮೆಯಿದ್ದರೆ ಗಂಡುಗಳನ್ನು ನಂತರಕ್ಕೆ ಬಿಡಿ, ಏಕೆಂದರೆ ಹಲವು ಹೆಣ್ಣುಗಳಿಗೆ ಒಂದು ಗಂಡು ಉಳಿದರೂ ಸಾಕು. ಸಾಕುವವರಿಲ್ಲದ ಬೆಕ್ಕಿಗೆ ಅರಿವಳಿಕೆಯಲ್ಲಿರುವಾಗಲೇ ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸಿ ಗುರುತು ಮಾಡುವುದರಿಂದ ಅದನ್ನು ಮತ್ತೊಮ್ಮೆ ಹಿಡಿಯುವುದು ತಪ್ಪುತ್ತದೆ.

ಇನ್ನು ಮುಂದೆ ಮರಿ ಕೊಡುವಾಗ ಶಸ್ತ್ರಚಿಕಿತ್ಸೆ ಮುಗಿಸಿಯೇ ಕೊಡಿ. ಮರಿ ತೀರಾ ಚಿಕ್ಕದಾಗಿದ್ದರೆ ಐದು ತಿಂಗಳು ತುಂಬುವುದರೊಳಗಿನ ಒಂದು ದಿನವನ್ನು ಪಶುವೈದ್ಯರಲ್ಲಿ ಗೊತ್ತು ಮಾಡಿ, ಆ ದಿನ ನೀವೇ ಫೋನ್ ಮಾಡಿ ನೆನಪಿಸಿ. ಪೆಟ್ಟಿಗೆ ಬಿಟ್ಟು ಹೋಗುವವರು ಪತ್ತೆಯಾದರೆ ದಯಮಾಡಿ ಬೈಯಬೇಡಿ. ಬೈದರೆ ಅವರು ಮುಂದಿನ ಪೆಟ್ಟಿಗೆಯನ್ನು ಇನ್ನೊಂದು ಗೇಟಿನ ಮುಂದೆ ಇಡುತ್ತಾರೆ, ಅಷ್ಟೇ. ಆ ಮರಿಗಳ ತಾಯಿ ಎಲ್ಲಿದೆ ಎಂದು ಕೇಳಿ, ಅದನ್ನು ಆಸ್ಪತ್ರೆಗೆ ಕರೆದೊಯ್ಯಲು ನೆರವಾಗುವುದಾಗಿ ಹೇಳಿ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಹೆಣ್ಣು ನಾಯಿಗೆ ಎಂಟು ತಿಂಗಳು. ಒಂದು ಸಲವಾದರೂ ಮರಿ ಹಾಕಿದರೆ ಅದರ ಆರೋಗ್ಯಕ್ಕೆ ಒಳ್ಳೆಯದೆಂದು ಮನೆಯ ಹಿರಿಯರು ಹೇಳುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಮರಿ ಹಾಕುವುದರಿಂದ ನಾಯಿಯ ಆರೋಗ್ಯಕ್ಕೆ ಲಾಭವಿಲ್ಲ. ಎಳೆಯ ವಯಸ್ಸಿನಲ್ಲೇ ಶಸ್ತ್ರಚಿಕಿತ್ಸೆ ಮಾಡಿಸಿದರೆ ಸ್ತನದ ಗಡ್ಡೆಗಳ ಸಂಭವ ಕಡಿಮೆಯಾಗುತ್ತದೆ, ಗರ್ಭಕೋಶದಲ್ಲಿ ಕೀವು ತುಂಬಿ ಪ್ರಾಣಕ್ಕೇ ಎರವಾಗುವ ಕಾಯಿಲೆಯ ಭಯವೂ ಇರುವುದಿಲ್ಲ. ಆದರೆ ದೊಡ್ಡ ತಳಿಗಳಲ್ಲಿ ಕೀಲುಗಳ ಬೆಳವಣಿಗೆಯನ್ನೂ ನೋಡಬೇಕಾಗುವುದರಿಂದ, ಯಾವ ತಿಂಗಳಲ್ಲಿ ಮಾಡಿಸಬೇಕೆಂಬುದನ್ನು ನಾಯಿಯನ್ನು ಪರೀಕ್ಷಿಸಿದ ವೈದ್ಯರೇ ಹೇಳಬೇಕು. ಅಷ್ಟರೊಳಗೆ ಬೆದೆಗೆ ಬಂದರೆ ಮೂರು ವಾರ ಅದನ್ನು ಒಂಟಿಯಾಗಿ ಹೊರಗೆ ಬಿಡಬೇಡಿ. ಶಸ್ತ್ರಚಿಕಿತ್ಸೆಯ ನಂತರ ತೂಕ ಏರುವ ಪ್ರವೃತ್ತಿ ಇರುವುದರಿಂದ ಆಹಾರದ ಅಳತೆಯನ್ನು ತುಸು ಇಳಿಸಬೇಕಾಗುತ್ತದೆ.

ಪ್ರಶ್ನೆ: ಗಂಡು ನಾಯಿಗೆ ಹೋದ ವಾರ ಶಸ್ತ್ರಚಿಕಿತ್ಸೆಯಾಯಿತು. ಪಕ್ಕದ ಮನೆಯ ಹೆಣ್ಣು ನಾಯಿಯೊಡನೆ ಆಡಲು ಬಿಡಬಹುದೇ?

ಉತ್ತರ: ಈಗಲೇ ಬೇಡ. ವೃಷಣಗಳನ್ನು ತೆಗೆದ ಮೇಲೂ ಕೆಲವು ವಾರಗಳ ಕಾಲ ನಾಳಗಳಲ್ಲಿ ವೀರ್ಯಾಣುಗಳು ಉಳಿದಿರಬಹುದಾದ್ದರಿಂದ, ಕನಿಷ್ಠ ಒಂದು ತಿಂಗಳು ಶಸ್ತ್ರಚಿಕಿತ್ಸೆಯಾಗದ ಹೆಣ್ಣು ನಾಯಿಯಿಂದ ದೂರವಿಡಿ. ಗಾಯ ಮಾಯಲು 10ರಿಂದ 14 ದಿನ ಬೇಕು. ಅಲ್ಲಿಯವರೆಗೆ ಅದು ಹೊಲಿಗೆಯನ್ನು ನೆಕ್ಕದಂತೆ ಕುತ್ತಿಗೆಗೆ ಕಟ್ಟಿದ ಕಾಲರನ್ನು ರಾತ್ರಿಯೂ ಬಿಚ್ಚಬೇಡಿ.