ರಾಷ್ಟ್ರಪತಿ ಸ್ಕೌಟ್ ಮೌಖಿಕ ಪರೀಕ್ಷೆಗೆ ಮಗನ ತಯಾರಿ ಹೇಗೆ?

ಹುಬ್ಬಳ್ಳಿಯಲ್ಲಿ ಓದುವ ನಿಮ್ಮ ಮಗ ರಾಷ್ಟ್ರಪತಿ ಸ್ಕೌಟ್ ಪ್ರಶಸ್ತಿಯ ಮೌಖಿಕ ಪರೀಕ್ಷೆಗೆ ಏನು ಓದಬೇಕು ಅಂತ ಕೇಳಿದ್ದೀರಿ. ನನ್ನ ಪ್ರಕಾರ ಓದಿಗಿಂತ ಲಾಗ್‌ಬುಕ್ ಮುಖ್ಯ. ಅದರಲ್ಲಿ ಬರೆದ ಪ್ರತಿ ಕೆಲಸವನ್ನೂ ಅವನು ತನ್ನ ಮಾತಲ್ಲೇ ಹೇಳಬೇಕು. ಉಣಕಲ್ ಕೆರೆ ದಂಡೆಯಲ್ಲಿ ಕಸ ಎತ್ತಿದ್ದರೆ, ಎಷ್ಟು ಜನ ಇದ್ದರು, ಯಾರು ಏನು ಮಾಡಿದರು, ಎಲ್ಲಿ ತೊಡಕಾಯಿತು, ಎಲ್ಲಾ. ಸುಮ್ನೆ ಬಾಯಿಪಾಠ ಮಾಡಿದರೆ ಎರಡನೇ ಪ್ರಶ್ನೆಗೇ ತಡವರಿಸುತ್ತಾನೆ. ಗಂಟುಗಳದ್ದೂ ಹಾಗೆಯೇ. ಬೋಲೈನ್ ಅನ್ನುವ ಕುಣಿಕೆ ಗಂಟು ಹಾಕಿ ತೋರಿಸಿದರೆ ಸಾಲದು. ಭಾರ ಬಿದ್ದರೂ ಆ ಕುಣಿಕೆ ಬಿಗಿಯುವುದಿಲ್ಲ, ಅದಕ್ಕೇ ಮನುಷ್ಯರನ್ನು ಮೇಲೆತ್ತಲು ಬಳಸುತ್ತಾರೆ ಅಂತಲೂ ಗೊತ್ತಿರಬೇಕು ಅಲ್ವಾ? ಸ್ಕೌಟ್ ಪ್ರತಿಜ್ಞೆ, 9 ನಿಯಮ, 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆದ ಮೊದಲ ಸ್ಕೌಟ್ ಶಿಬಿರ, ಇವನ್ನು ಒಮ್ಮೆ ನೋಡಿಕೊಳ್ಳಲಿ. ದಿನಾ ಸಂಜೆ ಅರ್ಧ ಗಂಟೆ ನೀವೇ ಎದುರು ಕೂತು ಪ್ರಶ್ನೆ ಕೇಳಿ. ಉತ್ತರ ಬಾರದಿದ್ದಾಗ ‘ಗೊತ್ತಿಲ್ಲ ಸರ್’ ಅಂತ ನೇರವಾಗಿ ಹೇಳುವುದನ್ನೂ ರೂಢಿ ಮಾಡಿಸಿ.