ಫ್ಲಿನ್ ಅವರನ್ನು ಹೊರಹಾಕಿದ್ದು ಸರಿಯೇ?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಎಲಿಜಬೆತ್ ಗರ್ಲಿ ಫ್ಲಿನ್ ಅವರ ಜೀವನಚಿತ್ರವನ್ನು ಓದಿ ನೀವು ಎರಡು ಆಕ್ಷೇಪಗಳನ್ನು ಎತ್ತಿದ್ದೀರಿ. ಅಮೆರಿಕದ ಕಮ್ಯುನಿಸ್ಟ್ ಪಕ್ಷದ ಅಧ್ಯಕ್ಷೆಯಾಗಿ, ಮಾಸ್ಕೋದಲ್ಲಿ ತೀರಿಕೊಂಡು, ಕೆಂಪು ಚೌಕದಲ್ಲಿ ಸರ್ಕಾರಿ ಗೌರವ ಪಡೆದವರನ್ನು ನಾಗರಿಕ ಸ್ವಾತಂತ್ರ್ಯದ ಹೋರಾಟಗಾರ್ತಿ ಎನ್ನುವುದು ಹೇಗೆ ಎಂಬುದು ಮೊದಲನೆಯದು. ನಾಗರಿಕ ಹಕ್ಕುಗಳಿಗಾಗಿ ಹೋರಾಡುವ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ 1940ರಲ್ಲಿ ಅವರನ್ನು ಆಡಳಿತ ಮಂಡಳಿಯಿಂದ ತೆಗೆದುಹಾಕಿದ್ದು ನ್ಯಾಯವೇ ಅಲ್ಲವೇ ಎಂಬುದು ಎರಡನೆಯದು. ಎರಡೂ ಗಂಭೀರ ಪ್ರಶ್ನೆಗಳೇ.

ಫ್ಲಿನ್ ಕಮ್ಯುನಿಸ್ಟ್ ಪಕ್ಷ ಸೇರಿದ್ದು 1930ರ ದಶಕದ ಉತ್ತರಾರ್ಧದಲ್ಲಿ. ವಾಕ್ ಸ್ವಾತಂತ್ರ್ಯಕ್ಕಾಗಿ ಅವರು ಜೈಲು ಕಂಡದ್ದು ಅದಕ್ಕಿಂತ ಕಾಲು ಶತಮಾನಕ್ಕೂ ಮೊದಲು. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರದಲ್ಲಿ ಕೆಲಸ ಕೊಡಿಸುವ ದಲ್ಲಾಳಿಗಳು ಅಲೆಮಾರಿ ಕೂಲಿಗಳಿಂದ ಶುಲ್ಕ ಕಿತ್ತುಕೊಂಡು, ಮೇಸ್ತ್ರಿಗಳೊಂದಿಗೆ ಒಳಒಪ್ಪಂದ ಮಾಡಿಕೊಂಡು, ಕೆಲವೇ ದಿನಗಳಲ್ಲಿ ಅವರನ್ನು ಕೆಲಸದಿಂದ ಕಿತ್ತುಹಾಕಿಸುತ್ತಿದ್ದರು. ಫ್ಲಿನ್ ಅವರಿದ್ದ ಇಂಡಸ್ಟ್ರಿಯಲ್ ವರ್ಕರ್ಸ್ ಆಫ್ ದ ವರ್ಲ್ಡ್ ಕಾರ್ಮಿಕ ಸಂಘಟನೆಯವರು ಆ ಕಚೇರಿಗಳ ಮುಂದೆಯೇ ನಿಂತು ಇದನ್ನು ಬಯಲು ಮಾಡತೊಡಗಿದಾಗ ನಗರಾಡಳಿತವು ಬೀದಿ ಭಾಷಣವನ್ನೇ ನಿಷೇಧಿಸಿತು. ಆದರೆ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಸಾಲ್ವೇಶನ್ ಆರ್ಮಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಧರ್ಮಬೋಧೆಗೆ ತೆರೆದಿದ್ದ ಬೀದಿ ಕೂಲಿಯ ಮಾತಿಗೆ ಮುಚ್ಚಿಹೋಯಿತು. ಒಬ್ಬರಾದ ಮೇಲೊಬ್ಬರು ಪೆಟ್ಟಿಗೆಯ ಮೇಲೆ ನಿಂತು ಮಾತನಾಡಲು ತೊಡಗಿ ನೂರಾರು ಮಂದಿ ಜೈಲು ಸೇರಿದರು. ಆಗ 19 ವರ್ಷದ ಗರ್ಭಿಣಿಯಾಗಿದ್ದ ಫ್ಲಿನ್ ಮೇಲೆ ಒಳಸಂಚಿನ ಆರೋಪ ಹೊರಿಸಲಾಯಿತು; ಕೊನೆಗೆ ತೀರ್ಪುಗಾರರ ಮಂಡಳಿ ಅವರನ್ನು ಬಿಡುಗಡೆ ಮಾಡಿತು. 1910ರ ಮಾರ್ಚ್‌ನಲ್ಲಿ ನಗರಾಡಳಿತವೇ ಮಣಿಯಿತು, ಹಲವು ದಲ್ಲಾಳಿಗಳ ಪರವಾನಗಿಯೂ ರದ್ದಾಯಿತು. ಮಾತನಾಡುವ ಹಕ್ಕು ಮತ್ತು ಕೂಲಿಯ ಹಕ್ಕು ಬೇರೆ ಬೇರೆಯಲ್ಲವೆಂದು ಫ್ಲಿನ್ ಕಲಿತದ್ದು ಇಂಥ ಕಡೆಗಳಲ್ಲಿ. 1912ರ ಲಾರೆನ್ಸ್ ಬಟ್ಟೆಗಿರಣಿ ಮುಷ್ಕರವಾಗಲಿ, ಮರುವರ್ಷ ಸೋತುಹೋದ ಪ್ಯಾಟರ್ಸನ್ ರೇಷ್ಮೆ ಗಿರಣಿ ಮುಷ್ಕರವಾಗಲಿ, ಕೊಲೆ ಆರೋಪದಲ್ಲಿ ಮರಣದಂಡನೆಗೆ ಗುರಿಯಾದ ಇಟಾಲಿಯನ್ ವಲಸಿಗರಾದ ಸಾಕೋ ಮತ್ತು ವಾನ್ಜೆಟ್ಟಿ ಅವರ ಪರವಾದ ದೀರ್ಘ ಹೋರಾಟವಾಗಲಿ ಈ ದಾರಿಯ ಮುಂದುವರಿಕೆಯೇ. 1920ರಲ್ಲಿ ಸಿವಿಲ್ ಲಿಬರ್ಟೀಸ್ ಯೂನಿಯನ್ ಹುಟ್ಟಿದಾಗ ಸ್ಥಾಪಕರಲ್ಲಿ ಅವರೂ ಒಬ್ಬರಾದದ್ದು ಇದರಿಂದಲೇ.

ಇನ್ನು ಉಚ್ಚಾಟನೆಯ ವಿಚಾರ. ಅವರು ಗುಟ್ಟಾಗಿ ಒಳನುಸುಳಿದ್ದರು ಎಂಬ ಧ್ವನಿ ನಿಮ್ಮ ಪತ್ರದಲ್ಲಿದೆ, ಅದು ನಿಜವಲ್ಲ. ತಾವು ಪಕ್ಷದ ಸದಸ್ಯೆಯೆಂದು ಅವರು ಮೊದಲೇ ತಿಳಿಸಿದ್ದರು, ತಿಳಿದ ಮೇಲೂ ಮಂಡಳಿಗೆ ಅವರನ್ನು 1939ರಲ್ಲಿ ಅವಿರೋಧವಾಗಿ ಮರುಆಯ್ಕೆ ಮಾಡಲಾಯಿತು. ಆ ವರ್ಷದ ಆಗಸ್ಟ್‌ನಲ್ಲಿ ಹಿಟ್ಲರ್ ಮತ್ತು ಸ್ಟಾಲಿನ್ ಒಪ್ಪಂದವಾದ ಮೇಲೆ ಗಾಳಿ ತಿರುಗಿತು. ಸರ್ವಾಧಿಕಾರವನ್ನು ಬೆಂಬಲಿಸುವ ಸಂಘಟನೆಯವರು ಆಡಳಿತದಲ್ಲಿರಬಾರದೆಂಬ ನಿರ್ಣಯ 1940ರ ಫೆಬ್ರವರಿಯಲ್ಲಿ ಬಂತು; ಮೇ 7ರ ರಾತ್ರಿ ನಡೆದ ವಿಚಾರಣೆಯಲ್ಲಿ ಮತಗಳು ಸಮವಾಗಿ, ಸಭಾಧ್ಯಕ್ಷರ ಒಂದು ಮತದಿಂದ ಅವರು ಹೊರಬಿದ್ದರು. ಅವರ ಯಾವುದೇ ಕೃತ್ಯವನ್ನು ಅಲ್ಲಿ ಅಪರಾಧವೆಂದು ತೋರಿಸಲಾಗಲಿಲ್ಲ; ಪಕ್ಷದ ಸದಸ್ಯತ್ವ ಮತ್ತು ಸಹೋದ್ಯೋಗಿಗಳನ್ನು ಟೀಕಿಸಿ ಬರೆದ ಲೇಖನಗಳೇ ಸಾಕಾದವು. ಸಂಗಾತಿಯ ನಂಬಿಕೆಯನ್ನು ನೋಡಿ ಶಿಕ್ಷಿಸಬಾರದೆಂದು ನ್ಯಾಯಾಲಯಗಳಲ್ಲಿ ವಾದಿಸುತ್ತಿದ್ದ ಸಂಸ್ಥೆ ತನ್ನ ಮನೆಯಲ್ಲಿ ಅದನ್ನೇ ಮಾಡಿತೆಂಬುದು ನನ್ನ ಅಭಿಪ್ರಾಯ. ಸಂಸ್ಥೆಗೂ ಕೊನೆಗೆ ಹಾಗೆಯೇ ಅನ್ನಿಸಿರಬೇಕು: 1976ರಲ್ಲಿ, ಫ್ಲಿನ್ ತೀರಿಕೊಂಡು ಹನ್ನೆರಡು ವರ್ಷಗಳಾದ ಮೇಲೆ, ಆ ಉಚ್ಚಾಟನೆಯನ್ನು ರದ್ದುಪಡಿಸಿತು.

ಆದರೆ ನಿಮ್ಮ ಆಕ್ಷೇಪದಲ್ಲಿ ಬಲವಾದ ಒಂದು ಎಳೆಯಿದೆ, ನಮ್ಮ ಲೇಖನ ಅದನ್ನು ಮುಟ್ಟಲಿಲ್ಲ. ಸರ್ಕಾರವನ್ನು ಬಲಪ್ರಯೋಗದಿಂದ ಉರುಳಿಸಬೇಕೆಂದು ಬೋಧಿಸುವುದನ್ನೇ ಅಪರಾಧವಾಗಿಸಿದ 1940ರ ಸ್ಮಿತ್ ಕಾಯಿದೆಯನ್ನು ಮರುವರ್ಷ ಮಿನಿಯಾಪೊಲಿಸ್‌ನಲ್ಲಿ ಸ್ಟಾಲಿನ್ ವಿರೋಧಿ ಕಮ್ಯುನಿಸ್ಟರಾದ ಟ್ರಾಟ್‌ಸ್ಕಿವಾದಿಗಳ ಮೇಲೆ ಪ್ರಯೋಗಿಸಿ 18 ಮಂದಿಗೆ ಶಿಕ್ಷೆ ವಿಧಿಸಿದಾಗ, ಫ್ಲಿನ್ ಅವರ ಪಕ್ಷ ಆ ಮೊಕದ್ದಮೆಯನ್ನು ಬೆಂಬಲಿಸಿತ್ತು. ಹತ್ತು ವರ್ಷಗಳ ನಂತರ ಅದೇ ಕಾಯಿದೆಯಡಿ ಫ್ಲಿನ್ ಬಂಧಿತರಾದರು. ನ್ಯಾಯಾಲಯದಲ್ಲಿ ಸಂಗಾತಿಗಳನ್ನು ಗುರುತಿಸಿ ಹೇಳಲು ನಿರಾಕರಿಸಿ ನ್ಯಾಯಾಂಗ ನಿಂದನೆಗೆ ಗುರಿಯಾದರು. 1955ರ ಜನವರಿಯಿಂದ 1957ರ ಮೇವರೆಗೆ ಪಶ್ಚಿಮ ವರ್ಜೀನಿಯಾದ ಆಲ್ಡರ್ಸನ್ ಮಹಿಳಾ ಜೈಲಿನಲ್ಲಿದ್ದರು. ಎದುರಾಳಿಯ ಹಕ್ಕನ್ನು ಕಾಯದ ಪಕ್ಷದೊಳಗೆ ಕೊನೆಯವರೆಗೂ ಉಳಿದರೆಂಬುದು, ಸ್ಟಾಲಿನ್ ಕಾಲದ ಸೆರೆಮನೆಗಳ ಸುದ್ದಿ ಜಗತ್ತಿಗೆಲ್ಲ ಗೊತ್ತಾದ ಮೇಲೂ ಆ ನಿಷ್ಠೆ ಕದಲಲಿಲ್ಲವೆಂಬುದು ಅವರ ಬದುಕಿನ ದೊಡ್ಡ ಕೊರತೆ. ನಾನದನ್ನು ಸಮರ್ಥಿಸಲಾರೆ.

ಮಾಸ್ಕೋ ಪ್ರಯಾಣವನ್ನು ಮಾತ್ರ ನೀವು ಪಲಾಯನವೆಂದು ಓದಿದ್ದು ಒಪ್ಪಲಾಗದು. 1950ರ ಕಾನೂನೊಂದರ ಪ್ರಕಾರ ಕಮ್ಯುನಿಸ್ಟ್ ಸಂಘಟನೆಯ ಸದಸ್ಯರು ಪಾಸ್‌ಪೋರ್ಟ್ ಬಳಸುವುದೇ ಅಪರಾಧವಾಗಿತ್ತು. ಇತಿಹಾಸಕಾರ ಹರ್ಬರ್ಟ್ ಆಪ್ತೇಕರ್ ಅವರೊಂದಿಗೆ ಫ್ಲಿನ್ ಅದನ್ನು ಪ್ರಶ್ನಿಸಿದರು. 1964ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಆ ವಿಧಿಯನ್ನು ಅಸಾಂವಿಧಾನಿಕವೆಂದು ಸಾರಿತು. ಹಾಗೆ ಗೆದ್ದ ಪಾಸ್‌ಪೋರ್ಟ್ ಹಿಡಿದೇ ಅವರು ಹೊರಟದ್ದು, ಸೆಪ್ಟೆಂಬರ್ 5ರಂದು ಅಲ್ಲಿಯೇ ತೀರಿಕೊಂಡದ್ದು. ಇಂದಿಗೂ ಪ್ರಯಾಣದ ಹಕ್ಕಿನ ಮೊಕದ್ದಮೆಗಳಲ್ಲಿ ವಕೀಲರು ಆ ತೀರ್ಪನ್ನು ಉಲ್ಲೇಖಿಸುತ್ತಾರೆ.

— ಸಂಪಾದಕರು